ಮಕ್ಕಳ ಕಿವಿ ಸೋಂಕು, ಕಿವಿಯೊಳಗೆ ನೀರು ತುಂಬುವುದು: ಮೈಸೂರು, ಮಂಡ್ಯದ ಅಪ್ಪ-ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ಮಗು ಕಿವಿ ಹಿಡಿದುಕೊಂಡು ಅತ್ತರೆ ಮನೆಯವರೆಲ್ಲ ಕಿವಿಯ ತೂತನ್ನೇ ನೋಡುತ್ತಾರೆ. ಟಾರ್ಚ್ ಬಿಡುತ್ತಾರೆ, ಎಣ್ಣೆ ಬಿಡುತ್ತಾರೆ, ಹತ್ತಿ ತುರುಕುತ್ತಾರೆ. ಆದರೆ ಮಧ್ಯಕಿವಿಯ ತೊಂದರೆ ಬಹುತೇಕ ಶುರುವಾಗುವುದು ಮೂಗಿನ ಹಿಂದೆ. ಇದೊಂದು ಗೊತ್ತಾದರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಮಗುವಿಗೆ ನೀರು ಹಾಕುವಾಗ ಕಿವಿಯೊಳಗೆ ನೀರು ಹೋಗಿತ್ತು. ಅದಕ್ಕೇ ಸೋಂಕಾಯ್ತಾ?

ಇಲ್ಲ. ಹೊರಗಿನಿಂದ ಕಾಣುವ ತೂತು ಸ್ವಲ್ಪ ದೂರ ಹೋಗಿ ತಮಟೆಯ ಹತ್ತಿರ ಮುಗಿಯುತ್ತದೆ. ತಮಟೆ ತೆಳುವಾದ ಪೊರೆ, ಆದರೂ ಅದು ಹರಿಯದೆ ಇದ್ದರೆ ಸ್ನಾನದ ನೀರು ಒಂದು ಹನಿಯೂ ಆಚೆ ದಾಟುವುದಿಲ್ಲ. ಮಧ್ಯಕಿವಿ ಇರುವುದು ತಮಟೆಯ ಆಚೆಗೆ. ಅದು ಗಾಳಿ ತುಂಬಿದ ಪುಟ್ಟ ಜಾಗ. ಶಬ್ದವನ್ನು ಒಳಕಿವಿಗೆ ದಾಟಿಸುವ ಮೂರು ಪುಟಾಣಿ ಮೂಳೆಗಳು ಅಲ್ಲೇ ಇವೆ.

ಹಾಗಾಗಿ ನೀರು ಹಾಕಿದ ಅಜ್ಜಿಯನ್ನು ಯಾರೂ ದೂರಬೇಡಿ. ಸ್ನಾನದ ನೀರಿನಿಂದ ಹೊರಕಿವಿಯ ಚರ್ಮಕ್ಕೆ ಸೋಂಕಾಗಬಹುದು, ಅದು ಬೇರೆ ಕಾಯಿಲೆ. ಅದರಲ್ಲಿ ಕಿವಿಯ ಹಾಲೆ ಮುಟ್ಟಿದರೂ ಎಳೆದರೂ ನೋವು ಜಾಸ್ತಿಯಾಗುತ್ತದೆ.

ಹಾಗಾದರೆ ಸೋಂಕು ಒಳಗೆ ಹೋಗಿದ್ದು ಎಲ್ಲಿಂದ?

ಮಧ್ಯಕಿವಿಗೂ ಮೂಗಿನ ಹಿಂಭಾಗಕ್ಕೂ ನಡುವೆ ಯೂಸ್ಟೇಶಿಯನ್ ನಳಿಕೆ ಎಂಬ ಸಣ್ಣ ದಾರಿ ಇದೆ. ಸಾಮಾನ್ಯವಾಗಿ ಅದು ಮುಚ್ಚಿಕೊಂಡಿರುತ್ತದೆ. ಉಗುಳು ನುಂಗಿದಾಗ, ಆಕಳಿಸಿದಾಗ ಕ್ಷಣ ಹೊತ್ತು ತೆರೆದು ಒಳಗೆ ಗಾಳಿ ಬಿಡುತ್ತದೆ. ಒಳಗೆ ಊರಿದ ತೇವವನ್ನು ಗಂಟಲಿನ ಕಡೆ ಹೊರಗೆ ಕಳಿಸುವ ಕೆಲಸವೂ ಅದರದ್ದೇ.

ನೆಗಡಿ ಬಂದಾಗ ಈ ನಳಿಕೆಯ ಒಳಪೊರೆ ಊದಿಕೊಂಡು ದಾರಿ ಮುಚ್ಚಿಹೋಗುತ್ತದೆ. ಮಧ್ಯಕಿವಿಯಲ್ಲಿ ಇದ್ದ ಗಾಳಿಯನ್ನು ಸುತ್ತಲಿನ ಪೊರೆ ನಿಧಾನಕ್ಕೆ ಹೀರಿಕೊಳ್ಳುತ್ತದೆ, ಹೊಸ ಗಾಳಿ ಬರುವುದಿಲ್ಲ. ಒಳಗೆ ಒತ್ತಡ ಕಡಿಮೆಯಾದ ಹಾಗೆ ಪೊರೆಯಿಂದ ನೀರು ಊರಲು ಶುರುವಾಗುತ್ತದೆ. ಮೂಗಿನಲ್ಲಿದ್ದ ರೋಗಾಣು ಆ ನೀರಿಗೆ ಸೇರಿದರೆ ಅದು ಕೀವಾಗುತ್ತದೆ. ಕೀವು ತಮಟೆಯನ್ನು ಒಳಗಿನಿಂದ ಒತ್ತುತ್ತದೆ. ಮಗು ಚೀರಿಡುವುದು ಆಗಲೇ.

ಇದಕ್ಕೆ ಕಾರಣವಾಗುವ ಬ್ಯಾಕ್ಟೀರಿಯಾಗಳಲ್ಲಿ ಮುಖ್ಯವಾದವು ಮೂರು: ನ್ಯುಮೋಕಾಕಸ್, ಹಿಮೋಫಿಲಸ್ ಇನ್‌ಫ್ಲುಯೆಂಜೆ, ಮೊರಾಕ್ಸೆಲ್ಲಾ. ಇವು ಎಷ್ಟೋ ಆರೋಗ್ಯವಂತ ಮಕ್ಕಳ ಮೂಗಿನ ಹಿಂದೆ ಸುಮ್ನೆ ಇರುತ್ತವೆ. ನೆಗಡಿಯ ವೈರಸ್ ದಾರಿ ಮಾಡಿಕೊಟ್ಟಾಗ ಮೇಲೇಳುತ್ತವೆ. ಮಳೆಗಾಲದಲ್ಲಿ, ಚಳಿಗಾಲದಲ್ಲಿ ಮನೆಯಲ್ಲಿ ಒಬ್ಬರಾದ ಮೇಲೊಬ್ಬರಿಗೆ ನೆಗಡಿಯಾಗುತ್ತದೆ ಅಲ್ವಾ, ಕಿವಿನೋವೂ ಅದರ ಬೆನ್ನ ಹಿಂದೆಯೇ ಬರುತ್ತದೆ.

ನೆಗಡಿ ನಮಗೂ ಬರುತ್ತೆ. ಕಿವಿಗೆ ಇಳಿಯೋದು ಮಕ್ಕಳಿಗೇ ಯಾಕೆ?

ನಳಿಕೆಯ ಅಳತೆ ನೋಡಿ. ದೊಡ್ಡವರಲ್ಲಿ ಅದು ಸುಮಾರು 35 ಮಿಲಿಮೀಟರ್ ಉದ್ದ, ಹುಟ್ಟಿದ ಮಗುವಿನಲ್ಲಿ ಅದರ ಅರ್ಧದಷ್ಟು. ದೊಡ್ಡವರಲ್ಲಿ ಸುಮಾರು 45 ಡಿಗ್ರಿ ಇಳಿಜಾರಾಗಿರುತ್ತದೆ, ಮಗುವಿನಲ್ಲಿ 10 ಡಿಗ್ರಿ ಅಷ್ಟೇ, ಅಂದರೆ ಹೆಚ್ಚುಕಡಿಮೆ ಮಟ್ಟಸವಾಗಿರುತ್ತದೆ. ಮೂಗಿನಿಂದ ಕಿವಿಗೆ ದಾರಿ ಹತ್ತಿರ, ಕಿವಿಯಿಂದ ಕೆಳಗೆ ಇಳಿಯಲು ಇಳಿಜಾರಿಲ್ಲ. ಅದನ್ನು ತೆರೆಯುವ ಸ್ನಾಯುಗಳೂ ಇನ್ನೂ ಬಲಿತಿರುವುದಿಲ್ಲ.

ಆರು ತಿಂಗಳಿಂದ ಎರಡು ವರ್ಷದ ಒಳಗೆ ಈ ಕಾಟ ಅತಿ ಹೆಚ್ಚು. ಮಗು ಬೆಳೆದು ಮುಖದ ಮೂಳೆ ಉದ್ದವಾದ ಹಾಗೆ ನಳಿಕೆಯೂ ಉದ್ದವಾಗಿ ಕೆಳಕ್ಕೆ ವಾಲುತ್ತದೆ. ಏಳೆಂಟು ವರ್ಷದ ಹೊತ್ತಿಗೆ ಬಹಳಷ್ಟು ಮಕ್ಕಳಿಗೆ ಇದು ತಾನಾಗಿ ಕಡಿಮೆಯಾಗುತ್ತದೆ.

ಪಕ್ಕದ ಮನೆ ಮಗುವಿಗೆ ಒಂದು ಸಲವೂ ಬಂದಿಲ್ಲ. ನಮ್ಮ ಮಗುವಿಗೆ ಮಾತ್ರ ತಿಂಗಳಿಗೊಮ್ಮೆ ಯಾಕೆ?

ಸಾಮಾನ್ಯವಾಗಿ ಒಂದೇ ಕಾರಣ ಇರುವುದಿಲ್ಲ. ನಾಲ್ಕಾರು ಸೇರಿಕೊಂಡಿರುತ್ತವೆ.

ಮೊದಲನೆಯದು ಜನರ ಒಡನಾಟ. ಬೇಬಿ ಸಿಟ್ಟಿಂಗ್‌ಗೆ, ಪ್ಲೇ ಹೋಮ್‌ಗೆ, ಅಂಗನವಾಡಿಗೆ ಹೋಗುವ ಮಕ್ಕಳಿಗೆ, ಮನೆಯಲ್ಲಿ ಸ್ಕೂಲಿಗೆ ಹೋಗುವ ಅಣ್ಣ-ಅಕ್ಕ ಇರುವ ಮಕ್ಕಳಿಗೆ ನೆಗಡಿ ಜಾಸ್ತಿ. ನೆಗಡಿ ಜಾಸ್ತಿಯಾದರೆ ಕಿವಿ ಸೋಂಕೂ ಜಾಸ್ತಿ. ಇದನ್ನು ಪೂರ್ತಿ ತಪ್ಪಿಸಲಾಗದು, ಹಾಗಂತ ಮಗುವನ್ನು ಮನೆಯಲ್ಲೇ ಕೂಡಿಹಾಕುವುದೂ ಬೇಡ.

ಎರಡನೆಯದು ಹೊಗೆ. ಅಪ್ಪನ ಸಿಗರೇಟು, ತಾತನ ಬೀಡಿ. ಹೊಗೆ ಮೂಗು ಮತ್ತು ನಳಿಕೆಯ ಒಳಪೊರೆಯನ್ನು ಕೆರಳಿಸುತ್ತದೆ. ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳು ಲೋಳೆಯನ್ನು ಹೊರಗೆ ತಳ್ಳುತ್ತಿರುತ್ತವೆ, ಅವೂ ಸುಸ್ತಾಗುತ್ತವೆ. ಹಿತ್ತಲಲ್ಲಿ ನಿಂತು ಸೇದಿ ಬಂದು ಮಗುವನ್ನು ಎತ್ತಿಕೊಂಡರೂ ಬಟ್ಟೆಯ ತುಂಬ ಹೊಗೆಯೇ. ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಸೌದೆ ಒಲೆಯ, ಬಚ್ಚಲ ನೀರೊಲೆಯ ಹೊಗೆಯೂ ಇರುತ್ತದೆ. ಆಲೆಮನೆಯಲ್ಲಿ ದುಡಿಯುವವರ ಮಕ್ಕಳಂತೂ ಒಲೆಯ ಪಕ್ಕದಲ್ಲೇ ಆಡಿಕೊಂಡಿರುತ್ತವೆ. ಆ ಮಕ್ಕಳ ಬಗ್ಗೆ ಯಾರಾದರೂ ಗಮನ ಕೊಡಬೇಕು ಅಂತ ನನಗೆ ಯಾವಾಗಲೂ ಅನಿಸುತ್ತದೆ.

ಇನ್ನು ಹುಟ್ಟಿನಿಂದ ಬಂದವು. ಸೀಳಂಗುಳ ಇರುವ ಮಕ್ಕಳಲ್ಲಿ ನಳಿಕೆಯನ್ನು ತೆರೆಯುವ ಸ್ನಾಯು ಸರಿಯಾಗಿ ಕೆಲಸ ಮಾಡುವುದಿಲ್ಲ. ಅವರಲ್ಲಿ ಬಹುಪಾಲು ಎಲ್ಲರಿಗೂ ಕಿವಿಯಲ್ಲಿ ನೀರು ನಿಲ್ಲುತ್ತದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೂ ಅಷ್ಟೇ, ನಳಿಕೆ ಕಿರಿದು, ಸ್ನಾಯು ಸಡಿಲ. ಈ ಮಕ್ಕಳ ಕಿವಿಯನ್ನು ತೊಂದರೆ ಕಾಣಿಸಲಿ ಬಿಡಲಿ, ಆಗಾಗ ತೋರಿಸುತ್ತಲೇ ಇರಬೇಕು. ಅಪ್ಪನಿಗೋ ಅಮ್ಮನಿಗೋ ಚಿಕ್ಕಂದಿನಲ್ಲಿ ಕಿವಿ ಸೋರುತ್ತಿದ್ದರೆ ಮಕ್ಕಳಿಗೂ ಬರುವ ಸಾಧ್ಯತೆ ಸ್ವಲ್ಪ ಜಾಸ್ತಿ.

ಮಲಗಿಸಿಕೊಂಡು ಹಾಲು ಕುಡಿಸಿದರೆ ಕಿವಿಗೆ ಹೋಗುತ್ತದಂತೆ, ನಿಜವಾ?

ಬಾಟಲಿಯ ವಿಷಯದಲ್ಲಿ ನಿಜ. ಮಗು ಅಂಗಾತ ಮಲಗಿ ಬಾಟಲಿ ಚೀಪುವಾಗ ಹಾಲು ಮೂಗಿನ ಹಿಂಭಾಗಕ್ಕೆ ನುಗ್ಗಿ ನಳಿಕೆಯ ಬಾಯಿಗೆ ತಾಗಬಹುದು. ಬಾಟಲಿ ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗುವ ಅಭ್ಯಾಸ ಕಿವಿಗೂ ಕೆಟ್ಟದ್ದು, ಹಲ್ಲಿಗೂ ಕೆಟ್ಟದ್ದು. ನಮ್ಮ ಕಡೆ ಒಳಲೆ ಇನ್ನೂ ಬಳಕೆಯಲ್ಲಿದೆ. ಕಾಲ ಮೇಲೆ ಅಂಗಾತ ಹಾಕಿಕೊಂಡು, ಕೈ ಅದುಮಿ ಹಿಡಿದು, ಅಳುವ ಬಾಯಿಗೆ ಒಳಲೆಯಲ್ಲಿ ಸುರಿಯುವುದನ್ನು ನೀವೂ ನೋಡಿರುತ್ತೀರಿ. ಅದು ಬೇಡ. ಹಾಲು ನೆತ್ತಿಗೇರಿ ಶ್ವಾಸಕೋಶಕ್ಕೆ ಇಳಿಯುವ ಅಪಾಯ ಇನ್ನೂ ದೊಡ್ಡದು.

ಮಗುವಿನ ತಲೆಯನ್ನು ಮೊಣಕೈ ಮಡಿಲಲ್ಲಿ ಇಟ್ಟುಕೊಳ್ಳಿ. ತಲೆ ಹೊಟ್ಟೆಗಿಂತ ಚೆನ್ನಾಗಿ ಮೇಲಿರಲಿ. ಅಳು ನಿಂತ ಮೇಲೆ ನಿಧಾನಕ್ಕೆ ಕುಡಿಸಿ.

ಎದೆಹಾಲು ಕುಡಿಯುವ ಮಕ್ಕಳಿಗೆ ಕಿವಿ ಸೋಂಕು ಕಡಿಮೆ. ಇದು ಚೆನ್ನಾಗಿ ಸಾಬೀತಾದ ಮಾತು. ಮೊದಲ ಆರು ತಿಂಗಳು ಬರೀ ಎದೆಹಾಲು ಕೊಟ್ಟರೆ ರಕ್ಷಣೆ ಹೆಚ್ಚು. ರಾತ್ರಿ ಪಕ್ಕಕ್ಕೆ ಮಲಗಿಸಿ ಹಾಲು ಕೊಡುವ ತಾಯಂದಿರು ಗಾಬರಿ ಬೀಳಬೇಕಾಗಿಲ್ಲ.

ನೀರು ಹಾಕಿದ ಮೇಲೆ ಸಾಂಬ್ರಾಣಿ ಹೊಗೆ ಕೊಡೋದು ಒಳ್ಳೇದಲ್ವಾ? ಶೀತ ಹೋಗುತ್ತೆ ಅಂತಾರೆ.

ಹೊಗೆ ಯಾವುದಾದರೂ ಹೊಗೆಯೇ. ಕೆಂಡದ ಮೇಲೆ ಸಾಂಬ್ರಾಣಿ ಹಾಕಿ, ಬುಟ್ಟಿ ಬೋರಲು ಹಾಕಿ ಕೂದಲು ಒಣಗಿಸುವುದು ನಮ್ಮ ಮನೆಗಳಲ್ಲಿ ಪ್ರೀತಿಯಿಂದ ನಡೆದು ಬಂದಿದೆ. ಆ ಪ್ರೀತಿಗೆ ಕೈಮುಗಿಯುತ್ತೇನೆ. ಆದರೆ ಮೂಗು ಕಟ್ಟಿದ ಎಳೆಮಗುವಿಗೆ ಅದು ಉಪಕಾರ ಮಾಡುವುದಿಲ್ಲ, ಪೊರೆ ಇನ್ನಷ್ಟು ಊದುತ್ತದೆ. ಮೆತ್ತನೆಯ ಬಟ್ಟೆಯಲ್ಲಿ ತಲೆ ಒರೆಸಿದರೆ ಸಾಕು. ಸೊಳ್ಳೆ ಬತ್ತಿಯ ಬದಲು ಸೊಳ್ಳೆ ಪರದೆ ಕಟ್ಟಿ. ಕಿವಿಗೆ, ಮೂಗಿಗೆ ಬಾಯಿಂದ ಊದುವುದನ್ನೂ ಬಿಟ್ಟುಬಿಡಿ.

ಐಸ್‌ಕ್ರೀಂ, ಮೊಸರು, ಬಾಳೆಹಣ್ಣು ತಿಂದರೆ ಬರುತ್ತಾ?

ಬರುವುದಿಲ್ಲ. ತಣ್ಣನೆ ಗಾಳಿಯೂ ಕಿವಿ ಸೋಂಕು ತರುವುದಿಲ್ಲ. ಕುಲಾವಿ ಹಾಕುವುದು ಬೆಚ್ಚಗಿರಲಿ ಅಂತ ಸರಿ. ಹತ್ತಿ ತುರುಕುವುದರಿಂದ ಪ್ರಯೋಜನವಿಲ್ಲ.

ಮಾತು ಬಾರದ ಮಗುವಿಗೆ ಕಿವಿ ನೋಯ್ತಿದೆ ಅಂತ ಹೇಗೆ ಗೊತ್ತಾಗುತ್ತೆ?

ಎರಡು ಮೂರು ದಿನ ನೆಗಡಿಯಿದ್ದು, ಇದ್ದಕ್ಕಿದ್ದಂತೆ ರಾತ್ರಿ ಎದ್ದು ಸಮಾಧಾನವಾಗದೆ ಅಳುವುದು. ಮಲಗಿಸಿದರೆ ಜಾಸ್ತಿ, ಎತ್ತಿ ಭುಜಕ್ಕೆ ಹಾಕಿಕೊಂಡರೆ ಸ್ವಲ್ಪ ಕಡಿಮೆ. ಹಾಲಿಗೆ ಆಸೆಯಿಂದ ಬಾಯಿ ಹಾಕಿ, ಎರಡು ಗುಟುಕು ಕುಡಿದು ಬಿಟ್ಟು ಅಳುವುದು, ಯಾಕೆಂದರೆ ನುಂಗುವಾಗ ಕಿವಿಯೊಳಗೆ ಒತ್ತಡ ಬದಲಾಗಿ ನೋಯುತ್ತದೆ. ಜ್ವರ, ಕೆಲವೊಮ್ಮೆ ವಾಂತಿ-ಭೇದಿ. ಸುಮ್ನೆ ಕಿವಿ ಎಳೆದುಕೊಳ್ಳುವುದು ಮಾತ್ರ ನಂಬಿಕೆಯ ಗುರುತಲ್ಲ. ನಿದ್ದೆ ಬಂದರೂ ಮಕ್ಕಳು ಕಿವಿ ಎಳೆದುಕೊಳ್ಳುತ್ತವೆ.

ಕೆಲವು ಸಲ ಬೆಳಗ್ಗೆ ದಿಂಬಿನ ಮೇಲೆ ಹಳದಿ ಕಲೆ ಕಾಣುತ್ತದೆ, ಮಗು ನಗುತ್ತಿರುತ್ತದೆ. ರಾತ್ರಿ ತಮಟೆ ಸ್ವಲ್ಪ ಹರಿದು ಕೀವು ಹೊರಬಂದಿದೆ, ಒತ್ತಡ ಇಳಿದು ನೋವು ಹೋಗಿದೆ. ವಾಸಿಯಾಯಿತು ಅಂತ ಸುಮ್ಮನಾಗಬೇಡಿ, ಅವತ್ತೇ ತೋರಿಸಿ. ಇಂಥ ತೂತು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದೆ, ಆದರೆ ಮುಚ್ಚಿದೆಯಾ ಅಂತ ಡಾಕ್ಟರೇ ನೋಡಿ ಹೇಳಬೇಕು.

ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡಬಹುದಾ? ಎದೆಹಾಲು?

ಎರಡೂ ಬೇಡ. ನೋವಿರುವುದು ತಮಟೆಯ ಆಚೆ, ಎಣ್ಣೆ ಈಚೆಯೇ ನಿಲ್ಲುತ್ತದೆ. ತಮಟೆ ಹರಿದಿದ್ದರೆ ಎಣ್ಣೆ ಒಳಗೇ ಇಳಿಯುತ್ತದೆ, ಅದು ಇನ್ನೂ ಕೆಟ್ಟದ್ದು. ಬಿಸಿ ಎಣ್ಣೆಯಿಂದ ಚರ್ಮ ಸುಟ್ಟಿರುವುದೂ ಉಂಟು. ಎಣ್ಣೆ ತುಂಬಿದ ಕಿವಿಯಲ್ಲಿ ಡಾಕ್ಟರಿಗೂ ಏನೂ ಕಾಣುವುದಿಲ್ಲ. ಹೇರ್‌ಪಿನ್, ಬೆಂಕಿಕಡ್ಡಿ, ಬಡ್ಸ್ ಯಾವುದೂ ಒಳಗೆ ಹೋಗಬಾರದು.

ರಾತ್ರಿ ಹೊತ್ತು ಮಾಡಬೇಕಾದ್ದು ನೋವು ಇಳಿಸುವುದು. ಮಗುವಿನ ತೂಕಕ್ಕೆ ಡಾಕ್ಟರ್ ಹೇಳಿರುವ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಕೊಡಿ. ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು. ಮೂಗು ಕಟ್ಟಿದ್ದರೆ ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಉಪ್ಪುನೀರಿನ ಹನಿ ಹಾಕಬಹುದು.

ಆಂಟಿಬಯೋಟಿಕ್ ಬೇಕೇ ಬೇಕಾ?

ಎಲ್ಲರಿಗೂ ಬೇಡ. ಆರು ತಿಂಗಳ ಒಳಗಿನ ಮಗುವಿಗೆ, ಎರಡು ವರ್ಷದ ಒಳಗಿದ್ದು ಎರಡೂ ಕಿವಿಗೆ ಸೋಂಕಾದ ಮಗುವಿಗೆ, ಕಿವಿ ಸೋರುತ್ತಿದ್ದರೆ, ಜ್ವರ 39 ಡಿಗ್ರಿ ಸೆಲ್ಸಿಯಸ್ ಅಂದರೆ 102 ಫ್ಯಾರನ್‌ಹೀಟ್ ದಾಟಿದ್ದರೆ, ನೋವು ತೀರಾ ಜಾಸ್ತಿಯಿದ್ದರೆ ಡಾಕ್ಟರು ಕೊಡುತ್ತಾರೆ. ಸಾಮಾನ್ಯವಾಗಿ ಮೊದಲು ಕೊಡುವುದು ಅಮಾಕ್ಸಿಸಿಲಿನ್. ಉಳಿದ ಮಕ್ಕಳಲ್ಲಿ ನೋವಿಗೆ ಮಾತ್ರ ಔಷಧಿ ಕೊಟ್ಟು ಎರಡು ಮೂರು ದಿನ ಕಾದು ನೋಡಬಹುದು. ಎಷ್ಟೋ ಸಲ ಅಷ್ಟರಲ್ಲೇ ಇಳಿದುಹೋಗುತ್ತದೆ.

ಹೋದ ಸಲದ ಚೀಟಿ ತೋರಿಸಿ ಅಂಗಡಿಯಲ್ಲಿ ಅದೇ ಔಷಧಿ ತರುವುದು, ಕಿವಿಗೆ ಹನಿ ಔಷಧಿಯನ್ನು ಕೇಳದೆ ಹಾಕುವುದು ಮಾಡಬೇಡಿ. ತಮಟೆ ಹರಿದಿದ್ದಾಗ ಕೆಲವು ಹನಿಗಳು ಒಳಕಿವಿಗೇ ಹಾನಿ ಮಾಡಬಲ್ಲವು.

ನೋವಿಲ್ಲ, ಜ್ವರ ಇಲ್ಲ. ಆದರೆ ಕರೆದರೆ ತಿರುಗಿ ನೋಡಲ್ಲ, ಟಿವಿ ಜೋರು ಮಾಡ್ತಾನೆ. ಹಟ ಅಂದುಕೊಂಡಿದ್ದೀವಿ.

ದಯವಿಟ್ಟು ಹಟ ಅಂದುಕೊಳ್ಳಬೇಡಿ. ನನ್ನ ಪ್ರಕಾರ ಈ ಪುಟದಲ್ಲಿ ಅತಿ ಮುಖ್ಯವಾದ ಪ್ರಶ್ನೆ ಇದೇ.

ಸೋಂಕು ಹೋದ ಮೇಲೂ, ಕೆಲವೊಮ್ಮೆ ಸೋಂಕೇ ಆಗದೆ ಬರೀ ನೆಗಡಿಯ ನಂತರವೂ, ತಮಟೆಯ ಹಿಂದೆ ನೀರು ಹಾಗೇ ನಿಂತುಬಿಡುತ್ತದೆ. ದಿನ ಕಳೆದ ಹಾಗೆ ಗೋಂದಿನಷ್ಟು ಮಂದವಾಗುತ್ತದೆ. ಡಾಕ್ಟರು ಗ್ಲೂ ಇಯರ್ ಅನ್ನುವುದು ಇದನ್ನೇ. ಸ್ಕೂಲಿಗೆ ಸೇರುವ ಮೊದಲು ಬಹುಪಾಲು ಮಕ್ಕಳಿಗೆ ಒಂದು ಸಲವಾದರೂ ಹೀಗೆ ನೀರು ನಿಂತಿರುತ್ತದೆ. ಹೆಚ್ಚಿನವರಿಗೆ ಮೂರು ತಿಂಗಳೊಳಗೆ ತಾನಾಗಿ ಇಂಗುತ್ತದೆ. ಇಂಗದೆ ಉಳಿದವರಲ್ಲೇ ತೊಂದರೆ.

ತಮಟೆ, ಮೂಳೆ ಸಲೀಸಾಗಿ ಅಲ್ಲಾಡದಿದ್ದರೆ ಶಬ್ದ ಮಂದವಾಗುತ್ತದೆ. ಸಾಮಾನ್ಯವಾಗಿ 25ರಿಂದ 30 ಡೆಸಿಬೆಲ್‌ನಷ್ಟು ಕೇಳುವುದು ಕಡಿಮೆಯಾಗುತ್ತದೆ. ಜೋರಾಗಿ ಕೂಗಿದರೆ ಕೇಳಿಸುತ್ತದೆ, ಅದಕ್ಕೇ ಮನೆಯವರಿಗೆ ಅನುಮಾನ ಬರುವುದಿಲ್ಲ. ಪಿಸುಮಾತು, ದೂರದ ಮಾತು, ಸ-ಶ-ಹ ದಂಥ ಮೆಲುದನಿಗಳು ತಪ್ಪಿಹೋಗುತ್ತವೆ. ಕನ್ನಡದಲ್ಲಿ ಅರ್ಧ ಅರ್ಥ ಪದದ ಕೊನೆಯಲ್ಲೇ ಇರುತ್ತದೆ: ಮನೆಗೆ, ಮನೇಲಿ, ಮನೆಯಿಂದ. ಆ ಕೊನೆಯನ್ನೇ ನಾವು ಮೆಲ್ಲಗೆ ಹೇಳುವುದು. ಮಾತು ಕಲಿಯುವ ವಯಸ್ಸಿನ ಮಗುವಿಗೆ ಇದು ತಿಂಗಳುಗಟ್ಟಲೆ ಕೇಳದಿದ್ದರೆ ಮಾತು ತಡವಾಗಬಹುದು, ಅಸ್ಪಷ್ಟವಾಗಬಹುದು. ಸ್ಕೂಲಿನಲ್ಲಿ ಹಿಂದಿನ ಬೆಂಚಿಗೆ ಮಿಸ್ ಹೇಳಿದ್ದು ಮುಟ್ಟುವುದೇ ಇಲ್ಲ. ಗಮನವಿಲ್ಲ, ದಡ್ಡ ಅನ್ನುವ ಹೆಸರು ಬರುತ್ತದೆ.

ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಿ. ಮಗು ಆಟದಲ್ಲಿ ಮುಳುಗಿರುವಾಗ ಹಿಂದಿನಿಂದ, ಮುಖ ಕಾಣದ ಹಾಗೆ, ಮಾಮೂಲಿ ದನಿಗಿಂತ ಮೆಲ್ಲಗೆ ಹೆಸರು ಕರೆಯಿರಿ. ಬೇರೆ ಬೇರೆ ದಿನ ಮಾಡಿ. ಪ್ರತಿ ಸಲ "ಆಂ?" ಅನ್ನುತ್ತಿದ್ದರೆ, ಮಾತಾಡುವವರ ಮುಖವನ್ನೇ ನೋಡುತ್ತಿದ್ದರೆ ಪರೀಕ್ಷೆ ಮಾಡಿಸಿ. ಸರಿಯಾಗಿ ತಿರುಗಿದರೂ ನಿಮಗೆ ಅನುಮಾನ ಉಳಿದಿದ್ದರೆ ಮಾಡಿಸಿ. ಮನೆಯ ಪರೀಕ್ಷೆ ಅನುಮಾನಕ್ಕೆ ಮಾತ್ರ.

ಪರೀಕ್ಷೆ ಎಲ್ಲಿ? ಮಗುವಿಗೆ ನೋವಾಗುತ್ತಾ?

ನಮ್ಮ ಪುಣ್ಯ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲೇ, ಮಾನಸಗಂಗೋತ್ರಿಯಲ್ಲಿದೆ. 1965ರಲ್ಲಿ ಶುರುವಾದದ್ದು. ಊರಿನವರು ಸ್ಪೀಚ್ ಅಂಡ್ ಹಿಯರಿಂಗ್ ಅನ್ನುತ್ತಾರೆ. ದೇಶದ ಮೂಲೆಮೂಲೆಯಿಂದ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ, ಪಕ್ಕದಲ್ಲೇ ಇರುವ ನಾವು ಹಿಂದೆಮುಂದೆ ನೋಡುವುದು ಬೇಡ. ಮೈಸೂರಿನಲ್ಲಿ ಮಕ್ಕಳಿಗೆ ಚೆಲುವಾಂಬ ಆಸ್ಪತ್ರೆ ಇದೆ, ಪಕ್ಕದಲ್ಲಿ ಕೆ.ಆರ್. ಆಸ್ಪತ್ರೆ ಇದೆ, ಮಂಡ್ಯದವರಿಗೆ ಮಿಮ್ಸ್ ಆಸ್ಪತ್ರೆ ಇದೆ. ಅಂಗನವಾಡಿಗೂ ಸರ್ಕಾರಿ ಸ್ಕೂಲಿಗೂ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ತಪಾಸಣೆಗೆ ಬರುತ್ತದೆ. ಆ ದಿನ ಮಗುವನ್ನು ತಪ್ಪಿಸಬೇಡಿ, ಕಿವಿಯ ಅನುಮಾನವನ್ನು ಬಾಯಿಬಿಟ್ಟು ಹೇಳಿ.

ನೋವಾಗುವುದಿಲ್ಲ. ಮೊದಲು ದೀಪದ ಉಪಕರಣದಲ್ಲಿ ತಮಟೆ ನೋಡುತ್ತಾರೆ. ಆಮೇಲೆ ಟಿಂಪನೋಮೆಟ್ರಿ. ರಬ್ಬರಿನ ಮೆತ್ತನೆಯ ತುದಿಯನ್ನು ಕಿವಿಯ ಬಾಯಿಗೆ ಹಿಡಿಯುತ್ತಾರೆ, ಗಾಳಿಯ ಒತ್ತಡ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ, ಯಂತ್ರ ಒಂದು ಗೆರೆ ಬರೆಯುತ್ತದೆ. ತಮಟೆ ಸರಿಯಾಗಿ ಅಲ್ಲಾಡಿದರೆ ಗೆರೆ ನಡುವೆ ಮೇಲೇರಿ ಇಳಿಯುತ್ತದೆ. ಹಿಂದೆ ನೀರಿದ್ದರೆ ಮಟ್ಟಸವಾಗಿ ಮಲಗಿಬಿಡುತ್ತದೆ, ರಿಪೋರ್ಟಿನಲ್ಲಿ ಟೈಪ್ 'ಬಿ' ಅಂತ ಬರೆಯುತ್ತಾರೆ. ಮಗು ಅಳದೆ ಒಂದು ನಿಮಿಷ ಕೂತರೆ ಸಾಕು. ತೊಡೆಯ ಮೇಲೆ ಕೂರಿಸಿಕೊಂಡು, ಇಷ್ಟದ ಗೊಂಬೆ ಕೈಗೆ ಕೊಡಿ.

ಆ ನೀರು ಔಷಧಿಯಿಂದ ಇಂಗುತ್ತಾ?

ನೆಗಡಿ ಸಿರಪ್, ಅಲರ್ಜಿ ಮಾತ್ರೆ, ಆಂಟಿಬಯೋಟಿಕ್, ಸ್ಟಿರಾಯ್ಡ್, ಇವ್ಯಾವುದೂ ನಿಂತ ನೀರಿಗೆ ಹೇಳಿಕೊಳ್ಳುವಂಥ ಲಾಭ ಕೊಡುವುದಿಲ್ಲ. ಮೊದಲ ಚಿಕಿತ್ಸೆ ಮೂರು ತಿಂಗಳು ಕಾಯುವುದು, ನಡುವೆ ಕಿವಿ ತೋರಿಸುತ್ತಿರುವುದು. ಆ ದಿನಗಳಲ್ಲಿ ಮಗುವಿನ ಎದುರು ಕೂತು, ಮುಖ ತೋರಿಸಿ, ಟಿವಿ ಆರಿಸಿ ಮಾತಾಡಿ. ಮಿಸ್‌ಗೆ ಹೇಳಿ ಮುಂದಿನ ಬೆಂಚಿನಲ್ಲಿ ಕೂರಿಸಿ.

ಮೂರು ತಿಂಗಳಾದರೂ ಎರಡೂ ಕಿವಿಯಲ್ಲಿ ನೀರು ಹಾಗೇ ಇದ್ದು ಕೇಳುವುದು ಕಡಿಮೆಯಿದ್ದರೆ ಗ್ರಾಮೆಟ್ ಹಾಕುವ ಮಾತು ಬರುತ್ತದೆ. ಮಗುವಿಗೆ ಅರಿವಳಿಕೆ ಕೊಟ್ಟು, ತಮಟೆಯಲ್ಲಿ ಸಣ್ಣ ಸೀಳು ಮಾಡಿ, ನೀರು ಹೀರಿ ತೆಗೆದು, ಪುಟಾಣಿ ಕೊಳವೆ ಕೂರಿಸುತ್ತಾರೆ. ಮುಚ್ಚಿಹೋದ ನಳಿಕೆಯ ಬದಲು ಆ ಕೊಳವೆಯೇ ಒಳಗೆ ಗಾಳಿ ಬಿಡುತ್ತದೆ. ಸಾಮಾನ್ಯವಾಗಿ ಆರು ತಿಂಗಳಿಂದ ಒಂದೂವರೆ ವರ್ಷದೊಳಗೆ ತಾನಾಗಿ ಉದುರುತ್ತದೆ. ಆಪರೇಷನ್ ಅಂದ ಕೂಡಲೇ ಮನೆಯವರು ಹೆದರುತ್ತಾರೆ. ಹೆದರಿಕೆ ಸಹಜ, ಆದರೆ ಮಾತು ಕಲಿಯುವ ಕಾಲ ಮತ್ತೆ ಸಿಗುವುದಿಲ್ಲ.

ಅಡಿನಾಯ್ಡ್ ತೆಗೆಸಿ ಅಂದಿದ್ದಾರೆ. ಕಿವಿಗೂ ಅದಕ್ಕೂ ಏನು ಸಂಬಂಧ?

ಅಡಿನಾಯ್ಡ್ ಅಂದರೆ ಟಾನ್ಸಿಲ್ ಥರದ ಮೆತ್ತನೆಯ ಗಡ್ಡೆ. ಅದು ಮೂಗಿನ ಹಿಂದೆ, ನಳಿಕೆಯ ಬಾಯಿಯ ಪಕ್ಕದಲ್ಲೇ ಇದೆ. ಮೂರರಿಂದ ಏಳು ವರ್ಷದ ಸುಮಾರಿಗೆ ದೊಡ್ಡದಿರುತ್ತದೆ, ಆಮೇಲೆ ಕುಗ್ಗುತ್ತದೆ. ಊದಿಕೊಂಡರೆ ನಳಿಕೆಯ ಬಾಯಿ ಮುಚ್ಚಬಹುದು, ರೋಗಾಣುಗಳು ಅಲ್ಲೇ ಮನೆ ಮಾಡಿಕೊಳ್ಳುತ್ತವೆ. ಬಾಯಿ ತೆರೆದು ಮಲಗುವುದು, ಗೊರಕೆ, ಮೂಗಿನಲ್ಲಿ ಮಾತಾಡಿದಂಥ ದನಿ ಇದರ ಗುರುತು. ಕಿವಿಯ ನೀರಿಗಾಗಿ ತೆಗೆಸುವುದನ್ನು ಸಾಮಾನ್ಯವಾಗಿ ನಾಲ್ಕು ವರ್ಷ ದಾಟಿದವರಲ್ಲಿ ಯೋಚಿಸುತ್ತಾರೆ.

ಲಸಿಕೆಯಿಂದ ತಡೆಯಬಹುದಾ?

ಪೂರ್ತಿ ಅಲ್ಲ, ಸ್ವಲ್ಪ ಮಟ್ಟಿಗೆ. ನ್ಯುಮೋಕಾಕಸ್ ವಿರುದ್ಧದ ಪಿಸಿವಿ ಲಸಿಕೆ 2021ರಲ್ಲಿ ದೇಶದ ಎಲ್ಲ ಕಡೆಗೂ ಸರ್ಕಾರಿ ಪಟ್ಟಿಯಲ್ಲಿ ಬಂತು. ಆರನೇ ವಾರ, ಹದಿನಾಲ್ಕನೇ ವಾರ, ಒಂಬತ್ತನೇ ತಿಂಗಳಲ್ಲಿ ಉಚಿತವಾಗಿ ಹಾಕುತ್ತಾರೆ. ತಾಯಿ ಕಾರ್ಡಿನಲ್ಲಿ ಮೂರೂ ಆಗಿದೆಯಾ ನೋಡಿಕೊಳ್ಳಿ.

ಕಿವಿ ಸೋರುತ್ತಲೇ ಇದೆ. ಮಗ ನಾಲೆಯಲ್ಲಿ ಈಜಬಹುದಾ?

ಬೇಡ. ತಮಟೆ ಸರಿಯಿದ್ದ ಮಗುವಿಗೆ ಈಜಿನಿಂದ ಮಧ್ಯಕಿವಿ ಕೆಡುವುದಿಲ್ಲ. ತೂತಿದ್ದರೆ ನಾಲೆಯ ನೀರು, ಕೆರೆಯ ನೀರು ನೇರವಾಗಿ ಒಳಗೆ. ಸ್ನಾನ ಮಾಡಿಸುವಾಗಲೂ ಹತ್ತಿಗೆ ವ್ಯಾಸಲೀನ್ ಸವರಿ ಕಿವಿಯ ಬಾಯಿಗೆ ಇಡಿ, ಮುಗಿದ ಕೂಡಲೇ ತೆಗೆಯಿರಿ.

ಸೋರುವ ಕಿವಿಯನ್ನು ಒಣಗಿಸುವುದು ಹೀಗೆ. ಒಗೆದು ಒಣಗಿಸಿದ ಹಳೆಯ ಹತ್ತಿ ಬಟ್ಟೆಯ ಸಣ್ಣ ತುಂಡನ್ನು ಬತ್ತಿ ಹೊಸೆಯಿರಿ. ಕಡ್ಡಿ ಸೇರಿಸಬೇಡಿ. ಮೆಲ್ಲಗೆ ಕಿವಿಯ ಬಾಯಲ್ಲಿಟ್ಟು, ನೆಂದ ಮೇಲೆ ತೆಗೆದು, ಹೊಸ ಬತ್ತಿ ಇಡಿ. ಬತ್ತಿ ಒಣಗಿದ್ದೇ ಹೊರಬರುವ ತನಕ ಮಾಡಿ. ದಿನಕ್ಕೆ ಮೂರು ಸಲ. ಡಾಕ್ಟರ್ ಕೊಟ್ಟ ಹನಿಯನ್ನು ಆಮೇಲೆ ಹಾಕಿ.

ಎರಡು ವಾರ ದಾಟಿಯೂ ಸೋರಿದರೆ, ಗಬ್ಬು ವಾಸನೆಯಿದ್ದರೆ ಇಎನ್‌ಟಿ ತಜ್ಞರಿಗೆ ತೋರಿಸಲೇಬೇಕು. ವಾಸನೆಯ ಸೋರಿಕೆಯ ಹಿಂದೆ ಕೆಲವೊಮ್ಮೆ ಕೊಲೆಸ್ಟಿಯಟೋಮ, ಅಂದರೆ ಮಧ್ಯಕಿವಿಯೊಳಗೆ ಚರ್ಮ ಬೆಳೆದು ಕಟ್ಟಿದ ಗಂಟು, ಇರುತ್ತದೆ. ಅದು ಸುತ್ತಲಿನ ಮೂಳೆಯನ್ನು ಸವೆಸುತ್ತಾ ಹೋಗುತ್ತದೆ.

ಕಿವಿಯ ಹಿಂದೆ ಊದಿ ಕೆಂಪಾಗಿ ಕಿವಿ ಮುಂದಕ್ಕೆ ಬಾಗಿದರೆ, ಬಾಯಿ ಒಂದು ಕಡೆ ವಾಲಿದರೆ, ತಲೆಸುತ್ತು, ಬಿಡದ ವಾಂತಿ, ಕತ್ತು ಬಿಗಿತ, ಮಂಕು ಕಂಡರೆ ರಾತ್ರಿಯಾದರೂ ಸರಿ, ಅದೇ ಗಳಿಗೆ ಆಸ್ಪತ್ರೆಗೆ ಹೊರಡಿ.

ರಜೆಗೆ ಊಟಿಗೆ ಹೋಗಬೇಕು ಅಂತಿದ್ದೀವಿ. ಮಗುವಿಗೆ ನೆಗಡಿ. ಹೋಗಬಹುದಾ?

ಮೈಸೂರು ಇರುವುದು ಸುಮಾರು 770 ಮೀಟರ್ ಎತ್ತರದಲ್ಲಿ, ಊಟಿ 2,240 ಮೀಟರ್ ಸುಮಾರಿಗೆ. ಘಾಟಿ ಇಳಿಯುವಾಗ ಹೊರಗಿನ ಒತ್ತಡ ಏರುತ್ತದೆ. ನಳಿಕೆ ತೆರೆಯದಿದ್ದರೆ ತಮಟೆ ಒಳಕ್ಕೆ ಎಳೆದು ನೋಯುತ್ತದೆ. ಕಿವಿ ಸೋಂಕು ಈಗಷ್ಟೇ ಬಂದಿದ್ದರೆ ಪ್ರಯಾಣ ಮುಂದೂಡಿ. ಬರೀ ನೆಗಡಿಯಾದರೆ ಹೋಗಿಬನ್ನಿ, ಇಳಿಯುವಾಗ ಮಾತ್ರ ಮಗುವನ್ನು ಮಲಗಲು ಬಿಡಬೇಡಿ. ಎಳೆಮಗುವಾದರೆ ಗಾಡಿಯನ್ನು ಅಲ್ಲಲ್ಲಿ ನಿಲ್ಲಿಸಿ ಹಾಲು ಕುಡಿಸಿ. ದೊಡ್ಡ ಮಗುವಾದರೆ ಗುಟುಕು ಗುಟುಕಾಗಿ ನೀರು ಕುಡಿಯಲಿ, ಆಕಳಿಸಲಿ. ನುಂಗಿದಷ್ಟು ಸಲ ನಳಿಕೆ ತೆರೆಯುತ್ತದೆ.